ಕ್ಯಾನ್ಸರ್ ಇರುವವರಿಗೆ ಸ್ಟ್ರೋಕ್ ಹೊಡೆದಾಗ: ಕ್ಯಾಶುವಾಲ್ಟಿ ಬಾಗಿಲಿಂದ ಡಿಸ್ಚಾರ್ಜ್‌ವರೆಗೆ

ಎಡಗೈ ಎತ್ತಲಾಗದೆ, ಬಾಯಿ ಓರೆಯಾಗಿ ಬಂದ ರೋಗಿ. ಶುರುವಾಗಿ ಎರಡು ಗಂಟೆಯೂ ಆಗಿಲ್ಲ, ಸಿಟಿಯಲ್ಲಿ ರಕ್ತಸ್ರಾವವಿಲ್ಲ. ಅಷ್ಟರಲ್ಲಿ ಫೈಲಿನ ಮೇಲಿನ ‘ಕಾರ್ಸಿನೋಮ’ ಎಂಬ ಪದ ಕಂಡು ಯಾರೋ ಹೇಳುತ್ತಾರೆ: ‘ಕ್ಯಾನ್ಸರ್ ಪೇಷಂಟ್, ಲೈಸಿಸ್ ಬೇಡ ಬಿಡಿ.’ ಲೈಸಿಸ್ ಅಂದರೆ ಹೆಪ್ಪು ಕರಗಿಸುವ ಇಂಜೆಕ್ಷನ್. ಈ ಬರಹ ಹುಟ್ಟಿದ್ದು ಆ ಒಂದು ಮಾತಿನಿಂದ. ಕ್ಯಾನ್ಸರ್ ಎಂಬ ಪದವೊಂದೇ ಲೈಸಿಸ್‌ಗಾಗಲಿ ಥ್ರಾಂಬೆಕ್ಟಮಿಗಾಗಲಿ (ರಕ್ತನಾಳದ ಒಳಗಿಂದ ಹೋಗಿ ಹೆಪ್ಪನ್ನು ಎಳೆದು ತೆಗೆಯುವುದು) ಅಡ್ಡಿಯಲ್ಲ. ಅಡ್ಡಿಯಾಗುವ ಸಂಗತಿಗಳು ಬೇರೆ ಇವೆ. ಅವನ್ನು ಬೇಗ, ಸರಿಯಾದ ಕ್ರಮದಲ್ಲಿ ಕೇಳಿ ತಿಳಿದುಕೊಳ್ಳುವುದೇ ಇಲ್ಲಿನ ಕೆಲಸ. ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳ ಡ್ಯೂಟಿ ವೈದ್ಯರು, ಪಿಜಿ ವಿದ್ಯಾರ್ಥಿಗಳು, ಕ್ಯಾನ್ಸರ್ ವಾರ್ಡಿನ ನರ್ಸ್‌ಗಳು ಇವರನ್ನು ಮನಸ್ಸಿನಲ್ಲಿಟ್ಟು ಬರೆದದ್ದಿದು. ಮನೆಯವರೂ ಓದಬಹುದು, ಆದರೆ ಇಲ್ಲಿರುವ ಡೋಸ್‌ಗಳು ಆಸ್ಪತ್ರೆಯ ಒಳಗಿನ ಬಳಕೆಗೆ ಮಾತ್ರ.

ಈ ಸ್ಟ್ರೋಕ್ ಎಲ್ಲಿ ಭಿನ್ನ

ಕ್ಯಾನ್ಸರ್ ಇರುವವರಿಗೂ ಬಿಪಿ, ಸಕ್ಕರೆ ಕಾಯಿಲೆ, ಹೃದಯ ಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್‌ನಿಂದ ಮಾಮೂಲಿ ಸ್ಟ್ರೋಕ್ ಆಗುತ್ತದೆ. ಅದರ ಜೊತೆಗೆ ಕ್ಯಾನ್ಸರ್‌ನದೇ ಆದ ಕೆಲವು ದಾರಿಗಳಿವೆ. ಶ್ವಾಸಕೋಶ, ಮೇದೋಜೀರಕ ಗ್ರಂಥಿ, ಜಠರ, ದೊಡ್ಡ ಕರುಳು, ಅಂಡಾಶಯದ ಅಡಿನೋಕಾರ್ಸಿನೋಮಗಳು, ಅದರಲ್ಲೂ ಮ್ಯೂಸಿನ್ ಸ್ರವಿಸುವಂಥವು, ರಕ್ತವನ್ನು ಹೆಪ್ಪುಗಟ್ಟುವ ಕಡೆಗೆ ತಳ್ಳುತ್ತವೆ. ಕ್ಯಾನ್ಸರ್‌ಗೂ ರಕ್ತ ಹೆಪ್ಪುಗಟ್ಟುವುದಕ್ಕೂ ನಂಟಿದೆ ಎಂದು 1865ರಲ್ಲಿ ಪಾಠ ಹೇಳಿದ ಫ್ರೆಂಚ್ ವೈದ್ಯ ಅರ್ಮಾಂಡ್ ಟ್ರೂಸೋ, ಮುಂದೆ ತಮ್ಮದೇ ರಕ್ತನಾಳದಲ್ಲಿ ಹೆಪ್ಪು ಕಂಡು ತಮ್ಮ ಕಾಯಿಲೆಯನ್ನು ಗುರುತಿಸಿಕೊಂಡು, 1867ರಲ್ಲಿ ಜಠರದ ಕ್ಯಾನ್ಸರ್‌ನಿಂದ ತೀರಿಕೊಂಡರು. ಈ ಸ್ಥಿತಿಯಲ್ಲಿ ಹೃದಯದ ಕವಾಟದ ಮೇಲೆ ಸೋಂಕಿಲ್ಲದ ಸಣ್ಣ ಹೆಪ್ಪುಗಳೂ ಕೂರುತ್ತವೆ. ಅವು ಕವಾಟಕ್ಕೆ ಗಟ್ಟಿಯಾಗಿ ಅಂಟಿರುವುದಿಲ್ಲ, ಕಳಚಿ ಮೆದುಳಿಗೆ ಸಿಡಿಯುತ್ತವೆ.

ನಮ್ಮ ನಾಡಿನಲ್ಲಿ ಮರೆಯಬಾರದ ಇನ್ನೊಂದು ದಾರಿ ಕುತ್ತಿಗೆಯ ರೇಡಿಯೇಶನ್. ತಂಬಾಕು, ಗುಟ್ಕಾದಿಂದ ಬಾಯಿ, ಗಂಟಲಿನ ಕ್ಯಾನ್ಸರ್ ಬಂದು ಕರೆಂಟ್ ಕೊಡಿಸಿಕೊಂಡವರಲ್ಲಿ ಐದು, ಹತ್ತು ವರ್ಷದ ನಂತರ ಕ್ಯಾರೊಟಿಡ್ ರಕ್ತನಾಳ ಕಿರಿದಾಗುವುದುಂಟು. ಕ್ಯಾನ್ಸರ್ ಎಂದೋ ವಾಸಿಯಾಗಿರುವುದರಿಂದ ಆ ಇತಿಹಾಸವನ್ನು ಯಾರೂ ಹೇಳುವುದಿಲ್ಲ. ಕುತ್ತಿಗೆಯ ಚರ್ಮ ಗಟ್ಟಿಯಾಗಿ ಕಪ್ಪಾಗಿದ್ದರೆ ನೀವೇ ಕೇಳಿ.

ಔಷಧಿಗಳ ಪಾಲೂ ಇದೆ. ಸಿಸ್ಪ್ಲಾಟಿನ್, ಬೆವಾಸಿಜುಮ್ಯಾಬ್, ಥ್ಯಾಲಿಡೊಮೈಡ್, ಲೆನಾಲಿಡೊಮೈಡ್, ಟಾಮೊಕ್ಸಿಫೆನ್ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುತ್ತವೆ. ಎಲ್-ಆಸ್ಪರಾಜಿನೇಸ್ ವಿಶೇಷವಾಗಿ ಮೆದುಳಿನ ಅಭಿಧಮನಿಗಳಲ್ಲಿ ಹೆಪ್ಪು ಕಟ್ಟಿಸುತ್ತದೆ. ಅಲ್ಲಿ ತಲೆನೋವು, ಫಿಟ್ಸ್ ಮುಂದಿರುತ್ತವೆ. ಅದಕ್ಕೆ ಚಿಕಿತ್ಸೆ ಹೆಪಾರಿನ್, ಈ ಬರಹದ ಲೈಸಿಸ್ ಅಲ್ಲ.

ಮೊದಲ ಹತ್ತು ನಿಮಿಷ

ಮೊದಲು ಗಡಿಯಾರ. ‘ಯಾವಾಗ ಶುರುವಾಯ್ತು?’ ಎಂದು ಕೇಳಿದರೆ ನೋಡಿದ ಹೊತ್ತು ಹೇಳುತ್ತಾರೆ. ‘ಕೊನೇ ಸಲ ಚೆನ್ನಾಗಿ ಮಾತಾಡಿದ್ದು, ನಡೆದಾಡಿದ್ದು ಎಷ್ಟು ಹೊತ್ತಿಗೆ? ಅದನ್ನ ನೋಡಿದ್ದು ಯಾರು?’ ಎಂದು ಕೇಳಿ. ಕೀಮೋ ತೆಗೆದುಕೊಂಡವರು ದಿನವಿಡೀ ಮಲಗಿರುತ್ತಾರೆ. ಮಾತು ಕಡಿಮೆಯಾದರೂ ಕೈ ಸೋತರೂ ಮನೆಯವರು ‘ಕೀಮೋ ಸುಸ್ತು’ ಎಂದು ಬಿಟ್ಟಿರುತ್ತಾರೆ. ವಾರ್ಡಿನಲ್ಲೂ ಇದೇ ತಪ್ಪು ನಡೆಯುತ್ತದೆ. ಕ್ಯಾನ್ಸರ್‌ಗೆಂದು ಅಡ್ಮಿಟ್ ಆದವರಲ್ಲಿ ಒಂದು ಬದಿಯ ಸೋಲು ಕಾಣಿಸಿದರೆ ಅದನ್ನು ಸುಸ್ತು ಎನ್ನಬೇಡಿ. ಸುಸ್ತು ಎರಡೂ ಬದಿಗೆ ಒಂದೇ ಥರ ಇರುತ್ತದೆ.

ಜಿಆರ್‌ಬಿಎಸ್ (ರಕ್ತದ ಸಕ್ಕರೆ) ತಕ್ಷಣ ನೋಡಿ. 50ಕ್ಕಿಂತ ಕಡಿಮೆಯಿದ್ದರೆ ಗ್ಲೂಕೋಸ್ ಕೊಟ್ಟು ಮತ್ತೆ ಪರೀಕ್ಷಿಸಿ. ಎರಡು ಕ್ಯಾನುಲಾ ಹಾಕಬೇಕು. ಕೀಮೋದಿಂದ ನರಗಳು ಒಣಗಿದ್ದರೆ ಹುಡುಕುತ್ತಾ ಇಪ್ಪತ್ತು ನಿಮಿಷ ಕಳೆಯಬೇಡಿ. ಕೀಮೋ ಪೋರ್ಟ್ ಅಥವಾ ಪಿಕ್ ಲೈನ್ ಇದ್ದರೆ ಅದನ್ನು ಬಳಸಿ. ಹೊಸದಾಗಿ ಕುತ್ತಿಗೆ ಅಥವಾ ಎದೆಯ ಸೆಂಟ್ರಲ್ ಲೈನ್ ಮಾತ್ರ ಈ ಹೊತ್ತಿನಲ್ಲಿ ಬೇಡ. ಅಲ್ಲಿ ಒತ್ತಿ ರಕ್ತ ನಿಲ್ಲಿಸಲಾಗುವುದಿಲ್ಲ. ಸ್ತನ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳ ಗಂಟುಗಳನ್ನು ತೆಗೆದಿರುವ ಬದಿಯಲ್ಲಿ ಬಿಪಿ ಪಟ್ಟಿ ಕಟ್ಟಬೇಡಿ, ಲೈಸಿಸ್ ಹೊತ್ತಿನಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಅದು ಬಿಗಿಯುತ್ತದೆ.

ರೋಗಿಯ ತೂಕವನ್ನು ಈಗಲೇ ನೋಡಿ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಕ್ಯಾನ್ಸರ್ ರೋಗಿಯಲ್ಲಿ ಡೋಸ್ ತಪ್ಪುವುದು ಹೆಚ್ಚಾಗಿ ಇಲ್ಲೇ. ಫೈಲಿನಲ್ಲಿ ಮೂರು ತಿಂಗಳ ಹಿಂದಿನ 58 ಕೆ.ಜಿ. ಬರೆದಿರುತ್ತದೆ, ಈಗ ರೋಗಿ 48 ಕೆ.ಜಿ. ಇರುತ್ತಾರೆ. ಹಳೇ ತೂಕದ ಮೇಲೆ ಲೈಸಿಸ್ ಔಷಧಿಯಾದ ಆಲ್ಟೆಪ್ಲೇಸ್ ಲೆಕ್ಕ ಹಾಕಿದರೆ 9 ಮಿ.ಗ್ರಾಂ ಹೆಚ್ಚು ಹೋಗುತ್ತದೆ. ತೂಕದ ಮಂಚ ಇಲ್ಲದಿದ್ದರೆ ಸ್ಟ್ರೆಚರ್ ಸಮೇತ ತೂಗಿ, ಸ್ಟ್ರೆಚರ್ ತೂಕ ಕಳೆಯಿರಿ.

ರೋಗಿಯನ್ನು ಸಿಟಿಗೆ ತಳ್ಳಿಕೊಂಡು ಹೋಗುತ್ತಲೇ ಮನೆಯವರನ್ನು ಕೇಳಬೇಕಾದವು:

- ಯಾವ ಅಂಗದ ಕ್ಯಾನ್ಸರ್, ಮೆದುಳಿಗೆ ಹರಡಿದೆ ಎಂದು ಯಾರಾದರೂ ಹೇಳಿದ್ದಾರಾ?
- ಕೊನೇ ಕೀಮೋ ಯಾವ ದಿನ? ಪ್ಲೇಟ್‌ಲೆಟ್ ಸಾಮಾನ್ಯವಾಗಿ 7ರಿಂದ 14ನೇ ದಿನದ ನಡುವೆ ತಳ ಮುಟ್ಟುತ್ತದೆ.
- ‘ಹೊಟ್ಟೆಗೆ ಚುಚ್ಚೋ ಇಂಜೆಕ್ಷನ್ ತಗೋತಿದ್ದಾರಾ? ಕೊನೇದು ಎಷ್ಟು ಗಂಟೆಗೆ ಹಾಕಿದ್ರಿ?’ ಹೆಪಾರಿನ್ ಎಂದು ಕೇಳಿದರೆ ಬಹಳ ಮನೆಯವರಿಗೆ ತಿಳಿಯುವುದಿಲ್ಲ. ರಕ್ತ ತೆಳು ಮಾಡುವ ಮಾತ್ರೆಯ ಬಗ್ಗೆಯೂ ಹೀಗೇ ಕೇಳಿ, ಪಟ್ಟಿ ತೋರಿಸಲು ಹೇಳಿ.
- ಮಲ ಕಪ್ಪಗೆ ಹೋಗಿದೆಯಾ, ರಕ್ತ ವಾಂತಿ, ಕೆಮ್ಮಿನಲ್ಲಿ ರಕ್ತ?
- ಆಪರೇಶನ್, ಬಯಾಪ್ಸಿ, ಬೆನ್ನಿಗೆ ಸೂಜಿ ಹಾಕಿದ್ದು ಯಾವಾಗ?

ಈ ಪ್ರಶ್ನೆಗಳನ್ನು ರೋಗಿಯ ತಲೆಯ ಬಳಿ ನಿಂತು ಜೋರಾಗಿ ಕೇಳಬೇಡಿ. ‘ಅವರಿಗೆ ಇನ್ನೂ ಹೇಳಿಲ್ಲ ಡಾಕ್ಟ್ರೇ’ ಎನ್ನುವ ಮನೆಗಳು ನಮ್ಮಲ್ಲಿ ಬಹಳ. ಮಾತು ನಿಂತಿರುವ ರೋಗಿಗೂ ಕೇಳಿಸುತ್ತಿರುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಕರೆದು ಕೇಳಿದರೆ ಸಮಯವೇನೂ ಹೋಗುವುದಿಲ್ಲ.

ರಕ್ತ ಪರೀಕ್ಷೆ: ಇಲ್ಲಿ ಮಾತ್ರ ಕಾಯಬೇಕು

ಮಾಮೂಲಿ ಸ್ಟ್ರೋಕ್‌ನಲ್ಲಿ ಅನುಮಾನಕ್ಕೆ ಕಾರಣವಿಲ್ಲದಿದ್ದರೆ ಸಕ್ಕರೆ ಒಂದನ್ನೇ ನೋಡಿ ಲೈಸಿಸ್ ಶುರು ಮಾಡಬಹುದು. ಕೀಮೋ ನಡೆಯುತ್ತಿರುವವರಲ್ಲಿ, ರಕ್ತದ ಕ್ಯಾನ್ಸರ್ ಇರುವವರಲ್ಲಿ, ಲಿವರ್‌ಗೆ ಹರಡಿರುವವರಲ್ಲಿ ಅನುಮಾನಕ್ಕೆ ಕಾರಣ ಇದ್ದೇ ಇದೆ. ಆದ್ದರಿಂದ ಪ್ಲೇಟ್‌ಲೆಟ್ ಮತ್ತು ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆ) ಬರುವವರೆಗೆ ಕಾಯಿರಿ. ಕೈಕಟ್ಟಿ ಕೂತು ಕಾಯುವುದಲ್ಲ: ಸ್ಯಾಂಪಲ್ ಅನ್ನು ಯಾರಾದರೂ ಕೈಯಲ್ಲೇ ಹಿಡಿದು ಲ್ಯಾಬಿಗೆ ಓಡಲಿ, ಸೆಲ್ ಕೌಂಟರ್‌ನ ಸಂಖ್ಯೆಯನ್ನು ಫೋನಿನಲ್ಲಿ ಪಡೆಯಿರಿ, ಪ್ರಿಂಟ್ ಆಮೇಲೆ ಬರಲಿ. ಸಿಟಿ ಮುಗಿಯುವ ಹೊತ್ತಿಗೆ ಸಂಖ್ಯೆ ಕೈಯಲ್ಲಿರುತ್ತದೆ.

ಕಳಿಸಬೇಕಾದವು: ಸಿಬಿಸಿ, ಪಿಟಿ-ಐಎನ್‌ಆರ್, ಎಪಿಟಿಟಿ, ಫೈಬ್ರಿನೋಜನ್, ಡಿ-ಡೈಮರ್, ಕ್ರಿಯಾಟಿನಿನ್, ಸೋಡಿಯಂ, ಕ್ಯಾಲ್ಸಿಯಂ, ಟ್ರೋಪೊನಿನ್, ರಕ್ತದ ಗುಂಪು. ಹೆಪ್ಪುಗಟ್ಟಿಸುವ ಪ್ರೋಟೀನ್ ಆದ ಫೈಬ್ರಿನೋಜನ್ ಅನ್ನು ಬಹಳ ಕಡೆ ಬಿಟ್ಟುಬಿಡುತ್ತಾರೆ. ಡಿಐಸಿ (ಮೈಯೆಲ್ಲ ಸಣ್ಣ ಹೆಪ್ಪುಗಳು ಕಟ್ಟಿ, ಹೆಪ್ಪುಗಟ್ಟಿಸುವ ಅಂಶಗಳೇ ಖರ್ಚಾಗುವ ಸ್ಥಿತಿ) ಇರುವ ರೋಗಿಯಲ್ಲಿ ಅದು ಮೊದಲೇ ಕುಸಿದಿರಬಹುದು, ಲೈಸಿಸ್ ಅದನ್ನು ಇನ್ನಷ್ಟು ಕೆಳಗೆ ತಳ್ಳುತ್ತದೆ. ಸಾಮಾನ್ಯ ಮಟ್ಟ ಡೆಸಿಲೀಟರಿಗೆ 200ರಿಂದ 400 ಮಿ.ಗ್ರಾಂ. ಜ್ವರ ಇದ್ದರೆ ಬ್ಲಡ್ ಕಲ್ಚರ್ ಮೂರು ಸೆಟ್, ಆ್ಯಂಟಿಬಯಾಟಿಕ್‌ಗೆ ಮುಂಚೆ.

ಬಿಳಿ ರಕ್ತಕಣ ಒಂದು ಲಕ್ಷ ದಾಟಿದ್ದರೆ ಅದು ಬೇರೆಯದೇ ಕಾಯಿಲೆ. ಲ್ಯುಕೀಮಿಯದ ಕಣಗಳೇ ರಕ್ತನಾಳ ಕಟ್ಟಿವೆ, ರಕ್ತ ಒಸರುವ ಅಪಾಯವೂ ಅಷ್ಟೇ ಇದೆ. ಲೈಸಿಸ್ ಬೇಡ, ರಕ್ತರೋಗ ತಜ್ಞರನ್ನು ಆಗಲೇ ಕರೆಯಿರಿ. ಅಕ್ಯೂಟ್ ಪ್ರೊಮೈಲೊಸೈಟಿಕ್ ಲ್ಯುಕೀಮಿಯದಲ್ಲೂ ಹಾಗೇ.

ಸಿಟಿಯಲ್ಲಿ ಏನು ಹುಡುಕಬೇಕು

ರಕ್ತಸ್ರಾವ ಇಲ್ಲ ಎಂದಷ್ಟೇ ನೋಡಿ ಎದ್ದು ಬರಬೇಡಿ. ಮೆಟಾಸ್ಟಾಸಿಸ್‌ನ (ಮೆದುಳಿಗೆ ಹರಡಿದ ಕ್ಯಾನ್ಸರ್ ಗೆಡ್ಡೆಯ) ಸುತ್ತಲಿನ ಊತ ಬೆರಳುಗಳ ಹಾಗೆ ಬಿಳಿ ಭಾಗದಲ್ಲಿ ಚಾಚಿರುತ್ತದೆ, ಹೊರಗಿನ ಬೂದು ಪದರವನ್ನು ಬಿಟ್ಟಿರುತ್ತದೆ. ಇನ್‌ಫಾರ್ಕ್ಟ್ (ರಕ್ತ ಸಿಗದೆ ಸತ್ತ ಮೆದುಳಿನ ಭಾಗ) ಬೂದು ಪದರವನ್ನೂ ಸೇರಿಸಿ ಒಂದು ರಕ್ತನಾಳದ ಪ್ರದೇಶಕ್ಕೆ ಸೀಮಿತವಾಗಿರುತ್ತದೆ. ಮೆಲನೋಮ, ಮೂತ್ರಪಿಂಡದ ಕ್ಯಾನ್ಸರ್, ಕೋರಿಯೋಕಾರ್ಸಿನೋಮ, ಥೈರಾಯ್ಡ್ ಕ್ಯಾನ್ಸರ್ ಇವುಗಳ ಮೆಟಾಸ್ಟಾಸಿಸ್‌ನಲ್ಲಿ ರಕ್ತಸ್ರಾವ ಆಗುವುದು ಹೆಚ್ಚು. ಈ ಹೆಸರುಗಳು ಫೈಲಿನಲ್ಲಿದ್ದರೆ ಪ್ಲೇನ್ ಸಿಟಿಯನ್ನು ಎರಡನೇ ಸಲ ನೋಡಿ.

ಕುತ್ತಿಗೆಯಿಂದ ತಲೆಯವರೆಗೆ ಸಿಟಿ ಆಂಜಿಯೋವನ್ನು ಅದೇ ಟೇಬಲ್ ಮೇಲೆ ಮಾಡಿಸಿ, ಕ್ರಿಯಾಟಿನಿನ್‌ಗೆ ಕಾಯಬೇಡಿ. ಕಾಂಟ್ರಾಸ್ಟ್ ಹೋಗಿರುವುದರಿಂದ ದೊಡ್ಡ ಮೆಟಾಸ್ಟಾಸಿಸ್ ಇದ್ದರೆ ಅದೂ ಬೆಳಗುತ್ತದೆ. ಅನುಮಾನ ಉಳಿದರೆ ಮತ್ತು ಎಂಆರ್‌ಐ ಕೂಡಲೇ ಸಿಗುವಂತಿದ್ದರೆ ಡಿಫ್ಯೂಶನ್, ಫ್ಲೇರ್, ಎಸ್‌ಡಬ್ಲ್ಯುಐ ಮಾತ್ರ ತೆಗೆಸಿ. ಅಷ್ಟಕ್ಕೆ ಹತ್ತು ನಿಮಿಷ ಸಾಕು.

ಸ್ಟ್ರೋಕ್‌ನ ವೇಷದಲ್ಲಿ ಬರುವ ಬೇರೆ ತೊಂದರೆಗಳು ಕ್ಯಾನ್ಸರ್ ರೋಗಿಯಲ್ಲಿ ಹೆಚ್ಚು. ಮೆಟಾಸ್ಟಾಸಿಸ್‌ನಿಂದ ಫಿಟ್ಸ್ ಬಂದು ಆಮೇಲೆ ಕೆಲವು ಗಂಟೆ ಕೈಕಾಲು ಬಿದ್ದಿರುವುದು ಒಂದು. ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಮೆಥೊಟ್ರೆಕ್ಸೇಟ್ ಕೊಟ್ಟ ಎರಡು ದಿನದಿಂದ ಎರಡು ವಾರದೊಳಗೆ ಬದಿಯಿಂದ ಬದಿಗೆ ಹೊರಳುವ ಸೋಲು ಇನ್ನೊಂದು. ಲ್ಯುಕೀಮಿಯ ಇರುವ ಹುಡುಗ ಹುಡುಗಿಯರಲ್ಲಿ ಇದನ್ನು ಮೊದಲು ನೆನೆಯಿರಿ. ಬಿಪಿ ಏರಿ ಮೆದುಳಿನ ಹಿಂಭಾಗ ಊದಿಕೊಳ್ಳುವ ಪ್ರೆಸ್, ಸೋಡಿಯಂ ಕುಸಿತ, ಕ್ಯಾಲ್ಸಿಯಂ ಏರಿಕೆ, ಮಾರ್ಫಿನ್ ಹೆಚ್ಚಾಗುವುದು ಕೂಡ ಇದೇ ಸಾಲಿನವು.

ಲೈಸಿಸ್ ಕೊಡಬಹುದೇ?

ಮೆದುಳಿನ ಹೊರಗೆ ಕ್ಯಾನ್ಸರ್ ಇದ್ದು, ಆರು ತಿಂಗಳಿಗಿಂತ ಹೆಚ್ಚು ಬದುಕುವ ನಿರೀಕ್ಷೆಯಿದ್ದು, ಬೇರೆ ಅಡ್ಡಿಗಳಿಲ್ಲದಿದ್ದರೆ ಆಲ್ಟೆಪ್ಲೇಸ್‌ನಿಂದ ಪ್ರಯೋಜನ ಆಗಬಹುದು ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಶನ್‌ನ 2019ರ ಮಾರ್ಗಸೂಚಿ ಹೇಳುತ್ತದೆ. ಆದ್ದರಿಂದ ರೋಗಿಯ ಫೈಲಿನಲ್ಲಿ ‘ಕ್ಯಾನ್ಸರ್ ಇರುವುದರಿಂದ ಲೈಸಿಸ್ ಕೊಟ್ಟಿಲ್ಲ’ ಎಂದು ಬರೆಯುವುದು ಸಾಲದು. ನಿಜವಾದ ಅಡ್ಡಿ ಯಾವುದು ಎಂದು ಬರೆಯಬೇಕು. ಅವು ಇವು:

ಮೆದುಳಿನ ಒಳಗೇ ಗೆಡ್ಡೆ ಅಥವಾ ಮೆಟಾಸ್ಟಾಸಿಸ್ ಇದ್ದರೆ ಕೊಡಬಾರದು. ಮೆದುಳಿನ ಹೊರಪೊರೆಯ ಮೆನಿಂಜಿಯೋಮ ಹಾಗಲ್ಲ, ಅಲ್ಲಿ ಕೊಡಬಹುದು. ಜಠರ, ಕರುಳಿನ ಕ್ಯಾನ್ಸರ್ ಒಳಗೇ ಉಳಿದಿದ್ದರೆ ಅಥವಾ 21 ದಿನದೊಳಗೆ ಹೊಟ್ಟೆ, ಕರುಳಿನಲ್ಲಿ ರಕ್ತಸ್ರಾವ ಆಗಿದ್ದರೆ ಬೇಡ. ಗೆಡ್ಡೆಯನ್ನು ವರ್ಷದ ಹಿಂದೆ ಪೂರ್ತಿ ತೆಗೆದಾಗಿದ್ದರೆ ಆ ಮಾತು ಅನ್ವಯಿಸುವುದಿಲ್ಲ. ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕಡಿಮೆ, ಐಎನ್‌ಆರ್ 1.7ಕ್ಕಿಂತ ಹೆಚ್ಚು, ಎಪಿಟಿಟಿ 40 ಸೆಕೆಂಡ್‌ಗಿಂತ ಹೆಚ್ಚು ಇದ್ದರೆ ಬೇಡ. ಪ್ಲೇಟ್‌ಲೆಟ್ ಹಾಕಿ ಸಂಖ್ಯೆ ಏರಿಸಿ ಆಮೇಲೆ ಲೈಸಿಸ್ ಕೊಡೋಣ ಎನ್ನುವವರಿದ್ದಾರೆ. ಆ ದಾರಿಗೆ ಆಧಾರವಿಲ್ಲ, ಸಮಯವೂ ಹೋಗುತ್ತದೆ.

ಚಿಕಿತ್ಸೆಯ ಪೂರ್ಣ ಡೋಸಿನ ಎನೊಕ್ಸಾಪರಿನ್ (ಹೊಟ್ಟೆಗೆ ಚುಚ್ಚುವ ಹೆಪಾರಿನ್) 24 ಗಂಟೆಯೊಳಗೆ ಚುಚ್ಚಿದ್ದರೆ ಬೇಡ. ದಿನಕ್ಕೊಮ್ಮೆ 40 ಮಿ.ಗ್ರಾಂ ಮುನ್ನೆಚ್ಚರಿಕೆಯ ಡೋಸ್ ಆಗಿದ್ದರೆ ಅದೊಂದೇ ಅಡ್ಡಿಯಲ್ಲ. ಅಪಿಕ್ಸಾಬ್ಯಾನ್, ರಿವರಾಕ್ಸಾಬ್ಯಾನ್ ಎಂಬ ರಕ್ತ ತೆಳು ಮಾಡುವ ಮಾತ್ರೆ 48 ಗಂಟೆಯೊಳಗೆ ನುಂಗಿದ್ದರೆ ಬೇಡ. ಡಬಿಗಟ್ರಾನ್ ಆಗಿದ್ದರೆ ಅದರ ಪ್ರತ್ಯೌಷಧಿ ಇಡಾರುಸಿಜುಮ್ಯಾಬ್ 5 ಗ್ರಾಂ ಕೊಟ್ಟು ಲೈಸಿಸ್ ಮಾಡುವ ದಾರಿ ಇದೆ. ಮೆದುಳು ಅಥವಾ ಬೆನ್ನುಹುರಿಯ ಶಸ್ತ್ರಚಿಕಿತ್ಸೆ ಮೂರು ತಿಂಗಳೊಳಗೆ ಆಗಿದ್ದರೆ ಬೇಡ. ಬೇರೆ ದೊಡ್ಡ ಶಸ್ತ್ರಚಿಕಿತ್ಸೆ 14 ದಿನದೊಳಗೆ ಆಗಿದ್ದರೆ ಸರ್ಜನ್ ಜೊತೆ ಫೋನಿನಲ್ಲಿ ಮಾತಾಡಿ ತೀರ್ಮಾನಿಸಿ. ಬೆನ್ನಿಗೆ ಸೂಜಿ ಹಾಕಿ ವಾರವಾಗಿಲ್ಲ ಎಂಬುದು ಪೂರ್ಣ ತಡೆಯಲ್ಲ. ಜ್ವರ, ಹೊಸ ಮರ್ಮರ್ ಇದ್ದು ಸೋಂಕಿನ ಎಂಡೊಕಾರ್ಡೈಟಿಸ್ (ಹೃದಯದ ಕವಾಟಕ್ಕೆ ತಗಲುವ ಸೋಂಕು) ಅನುಮಾನ ಬಂದರೆ ಲೈಸಿಸ್ ಕಡೆಗೆ ಹೋಗಲೇಬೇಡಿ, ಮೆದುಳಿನಲ್ಲಿ ರಕ್ತ ಒಸರುತ್ತದೆ.

ಬೆವಾಸಿಜುಮ್ಯಾಬ್ ಬಗ್ಗೆ ಪಟ್ಟಿಗಳು ಹೆಚ್ಚು ಹೇಳುವುದಿಲ್ಲ. ಅದರ ಅರ್ಧಾಯುಷ್ಯ ಸುಮಾರು 20 ದಿನ, ಅಂದರೆ ಮೂರು ವಾರದ ಹಿಂದಿನ ಡೋಸ್ ಕೂಡ ಅರ್ಧದಷ್ಟು ಮೈಯಲ್ಲೇ ಇರುತ್ತದೆ. ಲೈಸಿಸ್‌ಗೆ ಅದು ಪೂರ್ಣ ತಡೆಯಲ್ಲವಾದರೂ, ದೊಡ್ಡ ರಕ್ತನಾಳ ಕಟ್ಟಿದ್ದು ಥ್ರಾಂಬೆಕ್ಟಮಿ ಹತ್ತಿರದಲ್ಲೇ ಸಿಗುವುದಾದರೆ ನೇರ ಅಲ್ಲಿಗೆ ಹೋಗುವುದು ಮೇಲು ಎನ್ನುವುದು ನಮ್ಮ ಅಭಿಪ್ರಾಯ.

ಕೊಡುವ ಕ್ರಮ

ಅವಧಿ: ಕೊನೆಯದಾಗಿ ಚೆನ್ನಾಗಿದ್ದ ಹೊತ್ತಿನಿಂದ 4.5 ಗಂಟೆ. ಬಿಪಿ 185/110ಕ್ಕಿಂತ ಕೆಳಗಿರಬೇಕು. ಹೆಚ್ಚಿದ್ದರೆ ಲ್ಯಾಬೆಟಲಾಲ್ 10ರಿಂದ 20 ಮಿ.ಗ್ರಾಂ ಅನ್ನು ಒಂದೆರಡು ನಿಮಿಷದಲ್ಲಿ ನಿಧಾನವಾಗಿ ನರಕ್ಕೆ, ಒಮ್ಮೆ ಪುನರಾವರ್ತಿಸಬಹುದು.

1. ಆಲ್ಟೆಪ್ಲೇಸ್ ಡೋಸ್ ಕೆ.ಜಿ.ಗೆ 0.9 ಮಿ.ಗ್ರಾಂ, ಗರಿಷ್ಠ 90 ಮಿ.ಗ್ರಾಂ. 48 ಕೆ.ಜಿ. ರೋಗಿಗೆ ಒಟ್ಟು 43.2 ಮಿ.ಗ್ರಾಂ.
2. 50 ಮಿ.ಗ್ರಾಂ ವಯಲ್‌ಗೆ ಜೊತೆಯಲ್ಲಿ ಬಂದ 50 ಮಿ.ಲೀ. ಸ್ಟೆರೈಲ್ ವಾಟರ್ ಸೇರಿಸಿ. ಕುಲುಕಬೇಡಿ, ಅಂಗೈ ನಡುವೆ ಮೆಲ್ಲಗೆ ತಿರುಗಿಸಿ. ಈಗ 1 ಮಿ.ಲೀ. ಅಂದರೆ 1 ಮಿ.ಗ್ರಾಂ.
3. ಬೇಡವಾದ ಭಾಗವನ್ನು, ಇಲ್ಲಿ 6.8 ಮಿ.ಲೀ., ಮೊದಲೇ ಎಳೆದು ಚೆಲ್ಲಿ. ವಯಲ್‌ನಲ್ಲಿ ಉಳಿಸಿದರೆ ಪಂಪ್ ಅದನ್ನೂ ಓಡಿಸಿಬಿಡುತ್ತದೆ.
4. ಹತ್ತನೇ ಒಂದು ಭಾಗ, 4.3 ಮಿ.ಲೀ., ಒಂದು ನಿಮಿಷದಲ್ಲಿ ಬೋಲಸ್. ಉಳಿದ 38.9 ಮಿ.ಲೀ. ಅನ್ನು 60 ನಿಮಿಷದಲ್ಲಿ ಪಂಪ್ ಮೂಲಕ. ಬೋಲಸ್‌ಗೂ ಪಂಪ್‌ಗೂ ನಡುವೆ ಬಿಡುವು ಬೇಡ.
5. ಪಂಪ್ ಖಾಲಿಯಾದಾಗ ಟ್ಯೂಬಿನಲ್ಲಿ ಔಷಧಿ ಉಳಿದಿರುತ್ತದೆ. ಅದೇ ವೇಗದಲ್ಲಿ ಸಲೈನ್ ಓಡಿಸಿ ಅದನ್ನೂ ಒಳಗೆ ಕಳಿಸಿ. ಸಣ್ಣ ಮೈಯ ರೋಗಿಯಲ್ಲಿ ಟ್ಯೂಬಿನಲ್ಲಿ ಉಳಿಯುವ ಪಾಲು ನಿರ್ಲಕ್ಷಿಸುವಷ್ಟು ಚಿಕ್ಕದಲ್ಲ.

ಇನ್ನೊಂದು ಲೈಸಿಸ್ ಔಷಧಿ ಟೆನೆಕ್ಟೆಪ್ಲೇಸ್ ಬಳಸುವುದಾದರೆ ಈಗಿನ ಮಾರ್ಗಸೂಚಿಗಳ ಡೋಸ್ ಕೆ.ಜಿ.ಗೆ 0.25 ಮಿ.ಗ್ರಾಂ, ಗರಿಷ್ಠ 25, ಒಂದೇ ಬೋಲಸ್. 48 ಕೆ.ಜಿ.ಗೆ 12 ಮಿ.ಗ್ರಾಂ. ನಿಮ್ಮ ಆಸ್ಪತ್ರೆಯಲ್ಲಿ ಸಿಗುವ ವಯಲ್‌ನ ಲೇಬಲ್ ಮತ್ತು ಪ್ರೋಟೊಕಾಲ್ ನೋಡಿಕೊಳ್ಳಿ. ಎಚ್ಚರ ಇರಬೇಕಾದ್ದು ಹಾರ್ಟ್ ಅಟ್ಯಾಕ್‌ನ ಡೋಸ್ ಬಗ್ಗೆ. ಅದೇ 48 ಕೆ.ಜಿ. ರೋಗಿಗೆ ಹೃದಯಾಘಾತದಲ್ಲಿ 30 ಮಿ.ಗ್ರಾಂ ಕೊಡುತ್ತಾರೆ. ಕ್ಯಾಶುವಾಲ್ಟಿಯ ಗೋಡೆಯ ಮೇಲೆ ಅಂಟಿಸಿರುವ ಚಾರ್ಟ್ ಹಲವು ಕಡೆ ಹೃದಯದ್ದೇ ಆಗಿರುತ್ತದೆ. ಅದನ್ನು ನೋಡಿ ತುಂಬಿದರೆ ಎರಡೂವರೆ ಪಟ್ಟು ಔಷಧಿ ಹೋಗಿ ಮೆದುಳಿನಲ್ಲಿ ರಕ್ತಸ್ರಾವ ಆಗುತ್ತದೆ. ಸಿರಿಂಜ್ ಹಿಡಿದವರು ಮಿ.ಗ್ರಾಂ ಅನ್ನು ಬಾಯಿಬಿಟ್ಟು ಹೇಳಲಿ, ಇನ್ನೊಬ್ಬರು ತೂಕದ ಜೊತೆ ತಾಳೆ ನೋಡಲಿ.

ಕೊಟ್ಟ ಮೇಲೆ ಬಿಪಿ 180/105 ಮೀರದಂತೆ 24 ಗಂಟೆ. ಬಿಪಿ ಮತ್ತು ಕೈಕಾಲಿನ ಶಕ್ತಿ ಮೊದಲ 2 ಗಂಟೆ 15 ನಿಮಿಷಕ್ಕೊಮ್ಮೆ, ಮುಂದಿನ 6 ಗಂಟೆ ಅರ್ಧ ಗಂಟೆಗೊಮ್ಮೆ, ಆಮೇಲೆ 24 ಗಂಟೆ ತುಂಬುವವರೆಗೆ ಗಂಟೆಗೊಮ್ಮೆ ನೋಡಿ. ರೈಲ್ಸ್ ಟ್ಯೂಬ್, ಯೂರಿನ್ ಕ್ಯಾಥೆಟರ್ ಅನಿವಾರ್ಯವಲ್ಲದಿದ್ದರೆ ಈ ಅವಧಿಯಲ್ಲಿ ಬೇಡ.

ಕೆಟ್ಟರೆ

ತಲೆನೋವು, ವಾಂತಿ, ಬಿಪಿ ಜಿಗಿತ, ಸೋಲು ಹೆಚ್ಚಾಗುವುದು ಇದ್ದರೆ ಪಂಪ್ ನಿಲ್ಲಿಸಿ, ಆಮೇಲೆ ಸಿಟಿಗೆ ಹೋಗಿ. ರಕ್ತಸ್ರಾವ ಕಂಡರೆ ಕ್ರಯೋಪ್ರೆಸಿಪಿಟೇಟ್ (ಫೈಬ್ರಿನೋಜನ್ ಹೆಚ್ಚಿರುವ ರಕ್ತಾಂಶ) 10 ಯೂನಿಟ್. ಫೈಬ್ರಿನೋಜನ್ 150ಕ್ಕಿಂತ ಕೆಳಗಿದ್ದರೆ ಮತ್ತೆ ಕೊಡಿ. ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ ಅನ್ನು 10 ನಿಮಿಷದಲ್ಲಿ. ಕ್ರಯೋ ಎಲ್ಲಿ ಸಿಗುತ್ತದೆ ಎಂಬುದನ್ನು ಬೋಲಸ್ ಕೊಡುವ ಮೊದಲೇ ಬ್ಲಡ್ ಬ್ಯಾಂಕಿಗೆ ಕೇಳಿಟ್ಟುಕೊಳ್ಳಿ. ಕರಗಿಸಲು ಹೊತ್ತು ಬೇಕು.

ನಾಲಿಗೆ, ತುಟಿ ಊದಿಕೊಳ್ಳುವ ಆಂಜಿಯೋಎಡಿಮ ಬಿಪಿಗೆ ಎಸಿಇ ವರ್ಗದ ಮಾತ್ರೆ ನುಂಗುವವರಲ್ಲಿ ಹೆಚ್ಚು. ಔಷಧಿ ನಿಲ್ಲಿಸಿ, ಮೀಥೈಲ್‌ಪ್ರೆಡ್ನಿಸೊಲೋನ್ 125 ಮಿ.ಗ್ರಾಂ, ಜೊತೆಗೆ ಆಂಟಿಹಿಸ್ಟಮಿನ್ ಇಂಜೆಕ್ಷನ್ ಕೊಡಿ. ಬಾಯಿ ಕ್ಯಾನ್ಸರ್ ರೋಗಿಯಲ್ಲಿ ಇದು ದೊಡ್ಡ ಗಂಡಾಂತರ. ಗುಟ್ಕಾದಿಂದ, ರೇಡಿಯೇಶನ್‌ನಿಂದ ಬಾಯಿ ಮೊದಲೇ ಎರಡು ಬೆರಳಷ್ಟೂ ತೆರೆಯುವುದಿಲ್ಲ, ಟ್ಯೂಬ್ ಹಾಕಲು ದಾರಿಯೇ ಇರುವುದಿಲ್ಲ. ಅಂಥವರಿಗೆ ಲೈಸಿಸ್ ಶುರು ಮಾಡುವ ಮುಂಚೆ ಅನಸ್ತೇಶಿಯ ವೈದ್ಯರಿಗೆ ಒಂದು ಮಾತು ತಿಳಿಸಿರಿ.

ಥ್ರಾಂಬೆಕ್ಟಮಿ

ಪ್ಲೇಟ್‌ಲೆಟ್ ಕಡಿಮೆ ಇರಲಿ, ನಿನ್ನೆ ಹೆಪಾರಿನ್ ಹೋಗಿರಲಿ, ಹೊಟ್ಟೆಯಲ್ಲಿ ಗೆಡ್ಡೆ ಇರಲಿ, ಲೈಸಿಸ್‌ನ ಬಾಗಿಲು ಮುಚ್ಚಿದಾಗಲೂ ಇದು ತೆರೆದಿರುತ್ತದೆ. ಕ್ಯಾನ್ಸರ್ ರೋಗಿಗೆ ಇದರ ಬೆಲೆ ಹೆಚ್ಚು ಎಂದು ಒತ್ತಿ ಹೇಳುತ್ತೇವೆ. ಒಳ ಕ್ಯಾರೊಟಿಡ್, ಮಿಡ್ಲ್ ಸೆರೆಬ್ರಲ್‌ನ ಮೊದಲ ಭಾಗ, ಬೇಸಿಲಾರ್ ಕಟ್ಟಿದ್ದರೆ 6 ಗಂಟೆಯೊಳಗೆ ನೇರವಾಗಿ. 6ರಿಂದ 24 ಗಂಟೆಯವರೆಗೆ ಉಳಿಯಬಲ್ಲ ಮೆದುಳು ಇನ್ನೂ ಇದೆ ಎಂದು ಚಿತ್ರದಲ್ಲಿ ಕಂಡರೆ. 2018ರಲ್ಲಿ ಪ್ರಕಟವಾದ ಡಾನ್ ಮತ್ತು ಡಿಫ್ಯೂಸ್-3 ಅಧ್ಯಯನಗಳಿಂದ ಈ ತಡ ಅವಧಿ ತೆರೆಯಿತು. ಅವುಗಳಲ್ಲಿ ಅಲ್ಪಾಯುಷ್ಯದ ನಿರೀಕ್ಷೆಯಿದ್ದವರನ್ನು ಸೇರಿಸಿರಲಿಲ್ಲ. ನಂತರದ ರೋಗಿಗಳ ದಾಖಲೆಗಳಲ್ಲಿ ಕ್ಯಾನ್ಸರ್ ಇರುವವರಲ್ಲೂ ರಕ್ತನಾಳ ತೆರೆಯುವ ಪ್ರಮಾಣ ಉಳಿದವರ ಹತ್ತಿರವೇ ಇದೆ. ಮೂರು ತಿಂಗಳ ಸಾವು ಹೆಚ್ಚಿದೆ, ಅದರ ದೊಡ್ಡ ಪಾಲು ಕ್ಯಾನ್ಸರ್‌ನದು. ಪ್ಲೇಟ್‌ಲೆಟ್ 50,000 ಮೇಲಿದ್ದರೆ ಸಾಮಾನ್ಯವಾಗಿ ಮುಂದುವರಿಯುತ್ತಾರೆ. ಕೆಳಗಿದ್ದರೆ ಪ್ಲೇಟ್‌ಲೆಟ್ ಹಾಕುತ್ತಲೇ ತಂಡ ತೀರ್ಮಾನಿಸಬೇಕು.

ಕ್ಯಾನ್ಸರ್‌ನ ಹೆಪ್ಪಿನಲ್ಲಿ ಫೈಬ್ರಿನ್, ಪ್ಲೇಟ್‌ಲೆಟ್ ಹೆಚ್ಚು, ಕೆಂಪು ಕಣ ಕಡಿಮೆ. ಹಾಗಾಗಿ ಪ್ಲೇನ್ ಸಿಟಿಯಲ್ಲಿ ಬೆಳ್ಳಗಿನ ಗೆರೆಯಾಗಿ ಕಾಣದೆ ಹೋಗಬಹುದು, ಸ್ಟೆಂಟಿಗೆ ಸಿಕ್ಕದೆ ಜಾರಬಹುದು, ಒಂದಕ್ಕಿಂತ ಹೆಚ್ಚು ಸಲ ಎಳೆಯಬೇಕಾಗಬಹುದು. ತೆಗೆದ ಹೆಪ್ಪನ್ನು ಚೆಲ್ಲಬೇಡಿ. ಫಾರ್ಮಲಿನ್‌ನಲ್ಲಿ ಹಾಕಿ ಪೆಥಾಲಜಿಗೆ ಕಳಿಸಿ. ಗೆಡ್ಡೆಯ ಕಣವೋ ಫಂಗಸ್ಸೋ ಸಿಕ್ಕರೆ ಮುಂದಿನ ಚಿಕಿತ್ಸೆಯೇ ಬದಲಾಗುತ್ತದೆ.

ಬೆಂಗಳೂರಿನಲ್ಲಿ ಕ್ಯಾನ್ಸರ್ ನೋಡುವ ಕಿದ್ವಾಯಿ ಮತ್ತು ಮೆದುಳು, ನರಗಳ ಕಾಯಿಲೆ ನೋಡುವ ನಿಮ್ಹಾನ್ಸ್ ಅಕ್ಕಪಕ್ಕದಲ್ಲೇ ಇವೆ. ರಾಜ್ಯದ ಹೆಚ್ಚಿನ ಕಡೆ ಕ್ಯಾನ್ಸರ್ ನೋಡುವ ಆಸ್ಪತ್ರೆಗೂ ಕ್ಯಾಥ್‌ಲ್ಯಾಬ್ ಇರುವ ಆಸ್ಪತ್ರೆಗೂ ದೂರ ಇದೆ. ಕಳಿಸುವವರು ಫೋನ್ ಮಾಡಿ ತೂಕ, ಪ್ಲೇಟ್‌ಲೆಟ್, ಐಎನ್‌ಆರ್, ಕೊನೇ ಕೀಮೋ ದಿನಾಂಕ, ಆಂಕಾಲಜಿಸ್ಟ್ ಹೇಳಿದ ಆಯುಷ್ಯದ ಅಂದಾಜು ಇಷ್ಟನ್ನು ಹೇಳಿಬಿಟ್ಟರೆ ಆ ಕಡೆ ಮತ್ತೆ ಮೊದಲಿಂದ ಶುರು ಮಾಡಬೇಕಾಗುವುದಿಲ್ಲ.

ಕಾರಣ ಹುಡುಕುವಾಗ

ಎಂಆರ್‌ಐ ಡಿಫ್ಯೂಶನ್‌ನಲ್ಲಿ ಎಡ ಮುಂಭಾಗ, ಬಲ ಮುಂಭಾಗ, ಹಿಂಭಾಗ ಮೂರೂ ಕಡೆ ಚುಕ್ಕೆಗಳಿದ್ದು, ಏಟ್ರಿಯಲ್ ಫಿಬ್ರಿಲೇಶನ್ ಇಲ್ಲದೆ, ಡಿ-ಡೈಮರ್ (ಹೆಪ್ಪು ಒಡೆದಾಗ ರಕ್ತದಲ್ಲಿ ಉಳಿಯುವ ತುಣುಕು) ಬಹಳ ಏರಿದ್ದರೆ ಕ್ಯಾನ್ಸರ್‌ನ ಹೆಪ್ಪುಗಟ್ಟುವಿಕೆಯೇ ಕಾರಣ ಇರುವ ಸಂಭವ ಹೆಚ್ಚು. ಕ್ಯಾನ್ಸರ್ ಗೊತ್ತೇ ಇಲ್ಲದವರಲ್ಲಿ ಇದೇ ಚಿತ್ರ ಕಂಡು, ತೂಕವೂ ಇಳಿದಿದ್ದರೆ ಎದೆ, ಹೊಟ್ಟೆಯ ಸಿಟಿ ಮಾಡಿಸಿ. ಎಕೋದಲ್ಲಿ ಕವಾಟ ಚೆನ್ನಾಗಿ ಕಾಣದಿದ್ದರೆ ಅನ್ನನಾಳದ ಮೂಲಕ ಮಾಡುವ ಎಕೋ ಬೇಕು. ಅನ್ನನಾಳದ ಕ್ಯಾನ್ಸರ್ ಇದ್ದವರಲ್ಲಿ ಮತ್ತು ಪ್ಲೇಟ್‌ಲೆಟ್ ತೀರಾ ಕಡಿಮೆ ಇರುವವರಲ್ಲಿ ಮಾತ್ರ ಬೇಡ. ಕಾಲಿನ ಡಾಪ್ಲರ್ ಮರೆಯಬೇಡಿ: ಅಲ್ಲಿ ಹೆಪ್ಪು ಸಿಕ್ಕರೆ ಆಸ್ಪಿರಿನ್ನೋ ಹೆಪಾರಿನ್ನೋ ಎಂಬ ಚರ್ಚೆಯೇ ಮುಗಿಯುತ್ತದೆ, ಹೆಪಾರಿನ್ನೇ ಬೇಕು.

ಆಸ್ಪಿರಿನ್ನೋ ಹೆಪಾರಿನ್ನೋ

ಲೈಸಿಸ್ ಕೊಟ್ಟಿದ್ದರೆ 24 ಗಂಟೆ ಏನೂ ಬೇಡ; ಸಿಟಿ ಮತ್ತೆ ನೋಡಿ ಆಮೇಲೆ. ಕೊಟ್ಟಿಲ್ಲದಿದ್ದರೆ 24ರಿಂದ 48 ಗಂಟೆಯೊಳಗೆ ಆಸ್ಪಿರಿನ್ 160ರಿಂದ 325 ಮಿ.ಗ್ರಾಂ. ಕ್ಯಾರೊಟಿಡ್ ಕಿರಿದಾಗಿದ್ದರೆ, ಸಣ್ಣ ನಾಳದ ಕಾಯಿಲೆಯಾಗಿದ್ದರೆ ಆಸ್ಪಿರಿನ್ ಮತ್ತು ಸ್ಟ್ಯಾಟಿನ್‌ನಲ್ಲೇ ಮುಂದುವರಿಯಿರಿ. ಕ್ಯಾನ್ಸರ್ ಇದೆ ಎಂಬ ಕಾರಣಕ್ಕೆ ಎಲ್ಲರಿಗೂ ಹೆಪಾರಿನ್ ಬೇಕಿಲ್ಲ.

ಕವಾಟದ ಮೇಲೆ ಸೋಂಕಿಲ್ಲದ ಹೆಪ್ಪು ಕಂಡರೆ ಅಥವಾ ಕಾಲಿನಲ್ಲಿ, ಶ್ವಾಸಕೋಶದಲ್ಲಿ ಹೆಪ್ಪು ಇದ್ದರೆ ಹೆಪಾರಿನ್. ಕವಾಟದ ಹೆಪ್ಪಿಗೆ ವಾರ್ಫರಿನ್ ನಂಬಬೇಡಿ, ಅದರ ಮೇಲಿದ್ದಾಗಲೂ ಮತ್ತೆ ಮತ್ತೆ ಸಿಡಿಯುತ್ತದೆ. ಎನೊಕ್ಸಾಪರಿನ್ ಕೆ.ಜಿ.ಗೆ 1 ಮಿ.ಗ್ರಾಂ, 12 ಗಂಟೆಗೊಮ್ಮೆ. ಕ್ರಿಯಾಟಿನಿನ್ ಕ್ಲಿಯರೆನ್ಸ್ 30ಕ್ಕಿಂತ ಕಡಿಮೆಯಿದ್ದರೆ ದಿನಕ್ಕೊಮ್ಮೆ. ಸಿಸ್ಪ್ಲಾಟಿನ್ ಪಡೆದವರಲ್ಲಿ ಇದನ್ನು ವಾರಕ್ಕೊಮ್ಮೆ ಲೆಕ್ಕ ಹಾಕಿ. ಪ್ಲೇಟ್‌ಲೆಟ್ 50,000 ಮೇಲಿದ್ದರೆ ಪೂರ್ಣ ಡೋಸ್, 25,000ದಿಂದ 50,000ದ ನಡುವೆ ಅರ್ಧ ಅಥವಾ ಮುನ್ನೆಚ್ಚರಿಕೆಯ ಡೋಸ್, ಅದಕ್ಕಿಂತ ಕೆಳಗೆ ನಿಲ್ಲಿಸಿ. ಹೆಪಾರಿನ್ ಶುರುವಾದ 5ರಿಂದ 10ನೇ ದಿನದಲ್ಲಿ ಪ್ಲೇಟ್‌ಲೆಟ್ ಅರ್ಧಕ್ಕೆ ಕುಸಿದರೆ ಕೀಮೋ ಮೇಲೆ ಗೂಬೆ ಕೂರಿಸುವ ಮುನ್ನ ಹೆಪಾರಿನ್ನೇ ಕಾರಣವೇ ನೋಡಿ.

ಕಾರಣ ಖಚಿತವಿಲ್ಲದ, ಹೆಪ್ಪುಗಟ್ಟುವಿಕೆಯ ಅನುಮಾನವಷ್ಟೇ ಇರುವ ರೋಗಿಗೆ ಯಾವುದು ಮೇಲು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಎನೊಕ್ಸಾಪರಿನ್ ಮತ್ತು ಆಸ್ಪಿರಿನ್ ಹೋಲಿಸಿದ 2018ರ ಟೀಚ್ ಅಧ್ಯಯನದಲ್ಲಿ ಇದ್ದದ್ದು 20 ರೋಗಿಗಳು ಮಾತ್ರ. ಎನೊಕ್ಸಾಪರಿನ್ ಗುಂಪಿನ 10 ಜನರಲ್ಲಿ ನಾಲ್ವರು ಚುಚ್ಚಿಸಿಕೊಳ್ಳಲಾಗದೆ ಆಸ್ಪಿರಿನ್‌ಗೆ ಬದಲಾದರು. ದಿನಕ್ಕೆರಡು ಸೂಜಿಯನ್ನು ತಿಂಗಳುಗಟ್ಟಲೆ ಬರೆದುಕೊಡುವ ಮುನ್ನ ಮನೆಯಲ್ಲಿ ಚುಚ್ಚುವವರು ಯಾರು, ಖರ್ಚು ಯಾರದು ಎಂದು ಕೇಳಿ. ಅಪಿಕ್ಸಾಬ್ಯಾನ್ ಥರದ ಮಾತ್ರೆಗಳು ಸುಲಭ, ಆದರೆ ಜಠರ, ಕರುಳು, ಮೂತ್ರನಾಳದ ಗೆಡ್ಡೆ ಉಳಿದಿರುವವರಲ್ಲಿ ಈ ವರ್ಗದ ಮಾತ್ರೆಗಳಿಂದ ರಕ್ತಸ್ರಾವ ಹೆಚ್ಚು. ವೊರಿಕೊನಜೋಲ್, ಪೊಸಕೊನಜೋಲ್ ರಕ್ತದಲ್ಲಿ ಈ ಮಾತ್ರೆಗಳ ಮಟ್ಟ ಏರಿಸುತ್ತವೆ. ಫಿನಿಟಾಯಿನ್, ಕಾರ್ಬಮಜಪಿನ್, ಎನ್‌ಜಲುಟಮೈಡ್ ಇಳಿಸುತ್ತವೆ. ಫಿಟ್ಸ್‌ಗೆ ಲೆವಿಟಿರಸಿಟಮ್‌ನಲ್ಲಿ ಈ ಗೊಂದಲ ಕಡಿಮೆ.

ರಕ್ತ ತೆಳು ಮಾಡುವ ಔಷಧಿ ಶುರು ಮಾಡುವ ದಿನ ಇನ್‌ಫಾರ್ಕ್ಟ್‌ನ ಗಾತ್ರದ ಮೇಲೆ. 2023ರ ಎಲಾನ್ ಅಧ್ಯಯನದಲ್ಲಿ ಬೇಗ ಶುರು ಮಾಡಿದ ಗುಂಪಿಗೆ ಸಣ್ಣ, ಮಧ್ಯಮ ಸ್ಟ್ರೋಕ್‌ನಲ್ಲಿ 48 ಗಂಟೆಯೊಳಗೆ, ದೊಡ್ಡದರಲ್ಲಿ 6 ಅಥವಾ 7ನೇ ದಿನ ಕೊಟ್ಟರು. ಅದು ಏಟ್ರಿಯಲ್ ಫಿಬ್ರಿಲೇಶನ್ ಇದ್ದವರ ಅಧ್ಯಯನ. ಕ್ಯಾನ್ಸರ್ ರೋಗಿಗೆ ಅದನ್ನು ದಾರಿಗುರುತಾಗಿ ಇಟ್ಟುಕೊಂಡು, ದೊಡ್ಡ ಇನ್‌ಫಾರ್ಕ್ಟ್ ಇದ್ದರೆ ಮತ್ತೊಮ್ಮೆ ಸಿಟಿ ನೋಡಿಯೇ ಶುರು ಮಾಡಿ.

ವಾರ್ಡಿನಲ್ಲಿ

ನುಂಗುವ ಪರೀಕ್ಷೆ ಆಗುವವರೆಗೆ ಬಾಯಿಗೆ ನೀರೂ ಬೇಡ. ಗಂಟಲಿನ ರೇಡಿಯೇಶನ್ ಆದವರಲ್ಲಿ ಕೆಮ್ಮು ಬರದೆಯೂ ನೀರು ಶ್ವಾಸಕ್ಕೆ ಇಳಿಯುತ್ತದೆ, ಆದ್ದರಿಂದ ‘ಕೆಮ್ಮಲಿಲ್ಲ, ಪಾಸು’ ಎನ್ನಬೇಡಿ. ನ್ಯೂಟ್ರೊಫಿಲ್ 500ಕ್ಕಿಂತ ಕಡಿಮೆಯಿದ್ದು ಜ್ವರ 38.3 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್. ಗುದದ್ವಾರದ ಮೂಲಕ ಔಷಧಿ, ಥರ್ಮಾಮೀಟರ್ ಬೇಡ. ಸಕ್ಕರೆ 140ರಿಂದ 180. ಡೆಕ್ಸಾಮೆಥಸೋನ್ ಮೆಟಾಸ್ಟಾಸಿಸ್ ಊತಕ್ಕೆ ಕೆಲಸ ಮಾಡುತ್ತದೆ, ಇನ್‌ಫಾರ್ಕ್ಟ್ ಊತಕ್ಕೆ ಮಾಡುವುದಿಲ್ಲ. ಅಭ್ಯಾಸಬಲದಿಂದ ಬರೆದರೆ ಸಕ್ಕರೆ ಏರುವುದಷ್ಟೇ ಫಲ.

ಬೆವಾಸಿಜುಮ್ಯಾಬ್ ಅನ್ನು ಕಾಯಂ ನಿಲ್ಲಿಸಬೇಕು. ಸಿಸ್ಪ್ಲಾಟಿನ್ ಬದಲು ಕಾರ್ಬೊಪ್ಲಾಟಿನ್ ಆಗುವುದೇ ಎಂದು ಆಂಕಾಲಜಿಸ್ಟ್ ಜೊತೆ ಮಾತಾಡಿ. ಆದರೆ ಕ್ಯಾನ್ಸರ್ ಚಿಕಿತ್ಸೆಯನ್ನೇ ಪೂರ್ತಿ ನಿಲ್ಲಿಸಿಬಿಡುವುದು ತಪ್ಪು. ಹೆಪ್ಪುಗಟ್ಟುವಿಕೆಯ ಬೇರು ಗೆಡ್ಡೆಯಲ್ಲಿದೆ, ಅದು ಕರಗಿದರೆ ಡಿ-ಡೈಮರ್ ಇಳಿಯುತ್ತದೆ.

ಮನೆಯವರ ಜೊತೆ

‘ಇಂಜೆಕ್ಷನ್ ಕೊಡಲಾ ಬೇಡ್ವಾ ಹೇಳಿ’ ಎಂದು ಹೆದರಿದ ಮಗನ ಮೇಲೆ ಭಾರ ಹಾಕಬೇಡಿ. ನೀವು ಏನು ಮಾಡುವುದು ಸರಿ ಎಂದುಕೊಂಡಿದ್ದೀರಿ, ಏಕೆ ಎಂಬುದನ್ನು ಮೊದಲು ಹೇಳಿ, ಆಮೇಲೆ ಒಪ್ಪಿಗೆ ಕೇಳಿ. ನಾಟಿ ಔಷಧಿಗೆ ಕರೆದೊಯ್ಯುವ ಮಾತು ಬಂದರೆ ಗದರಬೇಡಿ. ಈ ಗಂಟೆಗಳು ಕಳೆದರೆ ಮತ್ತೆ ಸಿಗುವುದಿಲ್ಲ ಎಂದು ತಿಳಿಹೇಳಿ.

ಆಯುಷ್ಯ ವಾರಗಳಲ್ಲಿ ಎಣಿಸುವಂತಿದ್ದರೆ, ರೋಗಿ ಮೊದಲೇ ಹಾಸಿಗೆ ಹಿಡಿದಿದ್ದರೆ, ನೋವು ತಗ್ಗಿಸಿ ನೆಮ್ಮದಿ ಕೊಡುವ ಆರೈಕೆಯೇ ಸರಿಯಾದ ಚಿಕಿತ್ಸೆ ಆಗಬಹುದು. ಕರ್ನಾಟಕದಲ್ಲಿ 2025ರ ಜನವರಿ 30ರ ಸುತ್ತೋಲೆ, ಸುಪ್ರೀಂ ಕೋರ್ಟಿನ 2018ರ ತೀರ್ಪು ಮತ್ತು 2023ರ ಮಾರ್ಪಾಡಿನ ಅನುಸಾರ, ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವ ಕ್ರಮವನ್ನೂ ಮುಂಗಡ ವೈದ್ಯಕೀಯ ಇಚ್ಛಾಪತ್ರವನ್ನೂ ಜಾರಿಗೆ ತಂದಿದೆ. ಅಂಥ ಪತ್ರ ಇದೆಯೇ ಎಂದು ಕೇಳಿ. ಆದರೆ ನಾಲ್ಕನೇ ಹಂತ ಎಂದ ಮಾತ್ರಕ್ಕೆ ಈ ದಾರಿ ಹಿಡಿಯಬೇಡಿ. ನಾಲ್ಕನೇ ಹಂತದ ಸ್ತನ ಕ್ಯಾನ್ಸರ್ ಇಟ್ಟುಕೊಂಡು ವರ್ಷಗಟ್ಟಲೆ ಮನೆ ನಡೆಸುವ ಹೆಂಗಸರಿದ್ದಾರೆ. ಆಂಕಾಲಜಿಸ್ಟ್‌ಗೆ ಒಂದು ಫೋನ್ ಮಾಡಿದರೆ ಎರಡು ನಿಮಿಷದಲ್ಲಿ ಉತ್ತರ ಸಿಗುತ್ತದೆ.

ಮನೆಗೆ ಕಳಿಸುವಾಗ

ಹೊಟ್ಟೆಗೆ ಇಂಜೆಕ್ಷನ್ ಚುಚ್ಚುವುದನ್ನು ಮನೆಯ ಒಬ್ಬರು ನರ್ಸ್ ಎದುರು ಎರಡು ಸಲ ತಾವೇ ಮಾಡಿ ತೋರಿಸಲಿ. 48 ಕೆ.ಜಿ. ರೋಗಿಗೆ 60 ಮಿ.ಗ್ರಾಂ ಸಿರಿಂಜ್ ಕೊಟ್ಟಿದ್ದರೆ 0.1 ಮಿ.ಲೀ. ಹೊರಗೆ ಬಿಟ್ಟು 0.5 ಮಿ.ಲೀ. ಮಾತ್ರ ಚುಚ್ಚಬೇಕು ಎಂದು ಗುರುತಿನ ಮೇಲೆ ಪೆನ್ನಿನಿಂದ ಗೆರೆ ಎಳೆದು ತೋರಿಸಿ. ತೂಕ ಬದಲಾದರೆ ಡೋಸ್ ಬದಲಾಗುತ್ತದೆ. ಪ್ರತಿ ಕೀಮೋ ನಂತರ ಹತ್ತನೇ ದಿನದ ಹೊತ್ತಿಗೆ ಸಿಬಿಸಿ ಮಾಡಿಸಿ, ಸಂಖ್ಯೆ ನೋಡಿ ಇಂಜೆಕ್ಷನ್ ಮುಂದುವರಿಸಬೇಕು.

ಫೈಲಿನ ಮೊದಲ ಪುಟದಲ್ಲಿ ಒಂದು ಚೀಟಿ ಅಂಟಿಸಿ: ಯಾವ ಕ್ಯಾನ್ಸರ್, ಮೆದುಳಿನ ಸ್ಕ್ಯಾನ್‌ನಲ್ಲಿ ಏನಿತ್ತು, ಕೊನೇ ಕೀಮೋ ದಿನಾಂಕ, ಪ್ಲೇಟ್‌ಲೆಟ್, ತೂಕ, ರಕ್ತ ತೆಳು ಮಾಡುವ ಔಷಧಿ ಮತ್ತು ಅದನ್ನು ಕೊಡುವ ಹೊತ್ತು. ಕೀಮೋಗೆ ಹೋದಾಗಲೆಲ್ಲ ನರ್ಸ್ ಅದನ್ನು ತಿದ್ದಲಿ. ಬಾಯಿ ಓರೆ, ಕೈ ಸೋಲು, ಮಾತು ತೊದಲು, ಕಣ್ಣು ಮಂಜು, ನಡೆಯುವಾಗ ವಾಲುವುದು ಯಾವುದು ಕಂಡರೂ ಗಡಿಯಾರ ನೋಡಿ ಆ ಚೀಟಿಯ ಮೇಲೆ ಹೊತ್ತು ಬರೆದು, 108ಕ್ಕೆ ಕರೆ ಮಾಡಿ, ಫೈಲ್ ಸಮೇತ ಹೊರಡಲು ಮನೆಯವರಿಗೆ ಹೇಳಿ.